ತಂಬೂರಿ ನೆಲಕ್ಕಿಳಿದ ದಿನ

ಮಲಪ್ರಭೆಯ ದಂಡೆಯ ನಮ್ಮ ನೇಕಾರರ ಊರಿನಲ್ಲಿ ಪೂಜ್ಯ ಹಾಲವ್ವತಾಯಿಯವರ ಮಠವೆಂದರೆ ಹೊರಗಿನಿಂದ ಬಂದವರು ಗೋಪುರ ಹುಡುಕುತ್ತಿದ್ದರು. ಅಲ್ಲಿದ್ದದ್ದು ತಗಡು ಹೊದಿಸಿದ ಒಂದು ಪಡಸಾಲೆ, ಒಂದು ಗದ್ದುಗೆ, ಒಂದು ರಾಟಿ. ತಾಯಿಯವರು ನೇಕಾರರ ಮಗ್ಗದ ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತಿಕೊಟ್ಟು ತಮ್ಮ ರೊಟ್ಟಿ ಕಂಡುಕೊಳ್ಳುತ್ತಿದ್ದರು. ಬಂದವರ ಕಷ್ಟವನ್ನೂ ರಾಟಿ ತಿರುಗಿಸುತ್ತಲೇ ಕೇಳುತ್ತಿದ್ದರು. ರಾಟಿ ನಿಂತಿತೆಂದರೆ ತಾಯಿಯವರಿಗೆ ಸಿಟ್ಟು ಬಂದಿದೆ ಎಂದೇ ಅರ್ಥ. ಇಪ್ಪತ್ತಾರು ವರ್ಷ ಅವರ ಸನ್ನಿಧಿಯಲ್ಲಿದ್ದ ನಾನು ಅದು ನಿಂತದ್ದನ್ನು ಕಂಡದ್ದು ಒಂದೇ ಸಲ. ಆ ಸಿಟ್ಟಿಗೆ ಕಾರಣನಾದವನು ನಾನೇ ಆದ್ದರಿಂದ ಈ ಪ್ರಸಂಗವನ್ನು ಬೇರೆಯವರ ಬಾಯಿಗೆ ಬಿಡದೆ ನಾನೇ ಬರೆಯುತ್ತಿದ್ದೇನೆ.

ಶ್ರಾವಣದಲ್ಲಿ ನಮ್ಮಲ್ಲಿ, ಮಠದಿಂದಾಚೆ ಚಪ್ಪರ ಹಾಕಿ, ಭಜನಾ ಸಪ್ತಾಹ. ಏಳು ಹಗಲು ಏಳು ರಾತ್ರಿ ಹಾಡು ನಿಲ್ಲಬಾರದು, ತಂಬೂರಿ ನೆಲ ಮುಟ್ಟಬಾರದು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಅದನ್ನು ದಾಟಿಸುತ್ತ ಸರದಿಯಂತೆ ನಿಲ್ಲುವುದಕ್ಕೆ ಪಹರೆ ಎನ್ನುತ್ತೇವೆ. ಮೂವತ್ತೆಂಟು ವರ್ಷ ತಪ್ಪಿರದ ಆ ಪಹರೆಗೆ ನಾನು, ವಿರೂಪಾಕ್ಷಪ್ಪ, ಮುಖ್ಯಸ್ಥ. ನನ್ನ ಹಮ್ಮು ನನ್ನ ಹೆಸರಿಗಿಂತ ಉದ್ದವಾಗಿತ್ತು.

ಈರಸಂಗಪ್ಪ ನಮ್ಮ ಓಣಿಯ ನೇಕಾರ. ಹಾಡಿನಲ್ಲಿ ಊರಿಗೆಲ್ಲ ಅವನದೊಂದೇ ಕಂಠ. ಅವನಿಗೆ ಬೈಪೋಲಾರ್ ಎಂಬ ಮನಸ್ಸಿನ ಕಾಯಿಲೆ ಇತ್ತು. ಕೆಲವು ವಾರ ಮನಸ್ಸು ಮಿತಿಮೀರಿ ಏರುತ್ತಿತ್ತು. ಊಟ ಬೇಡ, ನಿದ್ದೆ ಬೇಡ, ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಮೇಲೇಳದೆ ನೇಯುವುದು, ಹಾಡುವುದು, ಬಾಯಿ ತೆರೆದರೆ ದೊಡ್ಡ ದೊಡ್ಡ ಮಾತು. ಆಮೇಲೆ ತಿಂಗಳುಗಟ್ಟಲೆ ಅದೇ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಏರಿದಾಗ ಊರು ಅವನನ್ನು ಶರಣ ಎಂದಿತು. ಇಳಿದಾಗ ಸೋಮಾರಿ ಎಂದಿತು, ಗುರುಶಾಪ ಎಂದಿತು. ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ. ಅವನ ಹೆಂಡತಿ ದಾಕ್ಷಾಯಣಿ ಯಾರ ಮಾತಿಗೂ ಕಿವಿಗೊಡದೆ ಅವನನ್ನು ಧಾರವಾಡದ ಮನೋವೈದ್ಯರ ಬಳಿಗೆ ಕರೆದೊಯ್ದಳು. ದಿನಾ ಗುಳಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ, ಆಗಾಗ ರಕ್ತಪರೀಕ್ಷೆ. ಎರಡು ವರ್ಷ ಅವನು ಎಲ್ಲರಂತೆ ನೇಯ್ದ, ಎಲ್ಲರಂತೆ ನಕ್ಕ. ಎಲ್ಲರಂತೆ ಇರುವುದು ಎಷ್ಟು ದೊಡ್ಡದೆಂದು ಆ ಮನೆಯವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ನನಗೆ ಬೇಕಾಗಿದ್ದದ್ದು ಹಳೆಯ ಕಂಠ. ಗುಳಿಗೆಯಿಂದ ಅವನ ದನಿ ಮಂಕಾಗಿದೆ ಎಂದು ನಾನೇ ತೀರ್ಪು ಕೊಟ್ಟೆ. ಸಪ್ತಾಹಕ್ಕೆ ಹನ್ನೆರಡು ದಿನ ಮುಂಚೆ ಅವನ ಮನೆಗೆ ಹೋಗಿ, ವ್ರತದಲ್ಲಿ ಇಂಗ್ಲಿಷ್ ಔಷಧಿ ಮೈಲಿಗೆ, ಬಿಟ್ಟುಬಿಡು, ಗುರು ಕಾಯುತ್ತಾನೆ ಎಂದೆ. ದಾಕ್ಷಾಯಣಿ ಬೇಡವೆಂದು ಕೈಮುಗಿದಳು. ಹೆಂಗಸರಿಗೆ ಇದೆಲ್ಲ ಏನು ತಿಳಿಯುತ್ತದೆ ಎಂದು ಅವಳ ಬಾಯಿ ಮುಚ್ಚಿಸಿದೆ. ಅವನು ಗುಳಿಗೆ ಬಿಟ್ಟ.

ಸಪ್ತಾಹದ ಮೊದಲ ದಿನ ತಂಬೂರಿ ಹಿಡಿದವನು ಅದನ್ನು ಮತ್ತೆ ಯಾರಿಗೂ ಕೊಡಲಿಲ್ಲ. ಮೂರು ದಿನ ಕಣ್ಣು ಮುಚ್ಚದೆ ಹಾಡಿದ. ಸುತ್ತಲ ಹಳ್ಳಿಗಳ ಜನ ಬಂದು ಹಾರ ಹಾಕಿದರು, ಕಾಲಿಗೆ ಬಿದ್ದರು. ಆ ಕಾಲು ಬಾತಿದ್ದನ್ನು, ತುಟಿ ಒಡೆದು ರಕ್ತ ಜಿನುಗುತ್ತಿದ್ದನ್ನು ಯಾರೂ ನೋಡಲಿಲ್ಲ. ತಾನೇ ಶಿವನೆಂದು ಅವನು ಕೂಗಿದಾಗ ನಾವು ಜಯಕಾರ ಹಾಕಿದೆವು. ನಾಚಿಕೆಯಾಗಬೇಕು ನಮಗೆ. ಜ್ವರ ಬಂದವನ ಮೈಬಿಸಿಯಲ್ಲಿ ಚಳಿ ಕಾಯಿಸಿಕೊಂಡ ಜನ ನಾವು.

ನಾಲ್ಕನೆಯ ದಿನ ಮಧ್ಯಾಹ್ನ ದಾಕ್ಷಾಯಣಿ ಮಠಕ್ಕೆ ಓಡಿಬಂದಳು. ಪ್ರಸಾದದ ಏರ್ಪಾಡು ಕೇಳಲು ಬಂದು ನಾನೂ ಅಲ್ಲಿಯೇ ಕುಳಿತಿದ್ದೆ. ಹಿಂದೊಮ್ಮೆ ಹೀಗೆಯೇ ಏರಿ ಇಳಿದಾಗ ಗಂಡನನ್ನು ಬಾವಿಯ ದಂಡೆಯಿಂದ ಎಳೆದು ತಂದದ್ದನ್ನು ಅವಳು ಅಂದು ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಈ ಸಲ ಇಳಿದರೆ ತನ್ನ ಕೈಗೆ ಸಿಗಲಿಕ್ಕಿಲ್ಲ ಎಂದು ಅತ್ತಳು. ಗುಳಿಗೆ ಬಿಡಿಸಿದವರು ಯಾರೆಂದು ತಾಯಿಯವರು ಕೇಳಿದರು. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ವ್ರತಕ್ಕೆ ಮೈಲಿಗೆಯಾಗಬಾರದೆಂದು ನಾನೇ ಹೇಳಿದ್ದೆ ಎಂದು ಗೊಣಗಿದೆ. ರಾಟಿ ನಿಂತಿತು.

“ವಿರೂಪಾಕ್ಷಪ್ಪ, ನಾ ದಿನಾ ಮುಂಜಾನಿ ಸಕ್ಕರಿ ಬ್ಯಾನಿ ಗುಳಿಗಿ ನುಂಗಿ ಪೂಜಾಕ್ಕ ಕುಂಡ್ರತೀನಿ. ಇಷ್ಟ ದಿನ ನನ್ನ ಪೂಜಾ ಮೈಲಿಗಿ ಆತೇನು?”

ಆ ಗುಳಿಗೆಗೆ ಎಷ್ಟೋ ಸಲ ನೀರು ತಂದುಕೊಟ್ಟವನು ನಾನೇ.

ತಾಯಿಯವರು ಬರಿಗಾಲಲ್ಲಿ ಬಿಸಿಲಿಗಿಳಿದು ಭಜನೆಯ ಚಪ್ಪರಕ್ಕೆ ನಡೆದರು. ಜನ ದಾರಿ ಬಿಟ್ಟರು. ಈರಸಂಗಪ್ಪನ ಮುಂದೆ ನಿಂತು, ಸಾಕು ಮಗನೇ, ಕೈ ನೊಂದಾವು ಎಂದು ಮೆಲ್ಲಗೆ ಹೇಳಿ ಬೆರಳು ಒಂದೊಂದಾಗಿ ಬಿಡಿಸಿದರು. ತಂಬೂರಿಯನ್ನು ತೆಗೆದು ನೆಲದ ಮೇಲೆ ಇಟ್ಟರು. ಹಾಡು ನಿಂತಿತು. ಹಿಂದಿನಿಂದ ಯಾರೋ ಅಪಚಾರ ಎಂದರು. ತಾಯಿಯವರು ತಿರುಗಿ ನೋಡಿದ ನೋಟವನ್ನು ನಾನು ಬರೆಯಲಾರೆ.

“ಕಟಗಿ ನೆಲಾ ಮುಟ್ಟಬಾರದು, ಮನಷ್ಯಾ ಮಣ್ಣಪಾಲಾದ್ರ ನಡೀತೈತಿ, ಹೌದಿಲ್ಲೋ? ಪಹರೆ ನಿಲ್ಲೂದು ಭಾಳ ಗೊತ್ತೈತಿ ನಿಮಗ. ಇವನ ನಿದ್ದಿಗೆ ಪಹರೆ ನಿಲ್ರಿ.”

ಅಂದೇ ಅವನನ್ನು ಧಾರವಾಡದ ಆಸ್ಪತ್ರೆಗೆ ಕರೆದೊಯ್ದೆವು. ಹದಿನೈದು ದಿನಕ್ಕೆ ಮನೆಗೆ ಬಂದ. ತಾಯಿಯವರ ಅಪ್ಪಣೆಯಂತೆ ಭಜನೆಯವರು ಸರದಿ ಕಟ್ಟಿ ಅವನ ಬಾಗಿಲಲ್ಲಿ ಕುಳಿತೆವು. ಅವನು ಮಲಗುವ ಹೊತ್ತಿಗೆ ಅಕ್ಕಪಕ್ಕದ ಮಗ್ಗಗಳನ್ನು ನಿಲ್ಲಿಸಿದೆವು. ಮರುವರ್ಷದಿಂದ ಸಪ್ತಾಹ ಹಗಲಿಗಷ್ಟೇ ಆಯಿತು. ದೀಪ ಹಚ್ಚುವ ಹೊತ್ತಿಗೆ ತಂಬೂರಿಯನ್ನು ನೆಲಕ್ಕಿಡುವ ಕೆಲಸ ನನ್ನದು. ಪದ್ಧತಿ ಕೆಟ್ಟಿತು ಎನ್ನುವವರು ಈಗಲೂ ಇದ್ದಾರೆ, ಅನ್ನಲಿ.

ಆದರೆ ನನ್ನ ಕಣ್ಣು ತೆರೆದದ್ದು ಆ ಮರುವರ್ಷಕ್ಕೂ ಮುಂಚೆ. ಹೆದರಿದಂತೆಯೇ ಆ ಚಳಿಗಾಲ ಅವನ ಮನಸ್ಸು ಇಳಿಯಿತು. ಹಾರ ಹಾಕಿದವರಲ್ಲಿ ಒಬ್ಬರೂ ಇತ್ತ ತಲೆ ಹಾಕಲಿಲ್ಲ. ಒಂದು ಮುಂಜಾನೆ ನನ್ನ ಸರದಿ. ಗುಳಿಗೆ ಹಿಡಿದು ಒಳಗೆ ಹೋದಾಗ ಅವನು ಗೋಡೆಯ ಕಡೆಯಿಂದ ಹೊರಳದೆಯೇ ಕೇಳಿದ.

“ಕಾಕಾ, ಅವತ್ತ ಅಷ್ಟ ಮಂದಿ ನನ್ನ ಕಾಲಿಗೆ ಬಿದ್ರು. ಈಗ ಯಾರೂ ಬರವಲ್ರು. ನಾ ಅವತ್ತಿನಂವನ ಅಲ್ಲೇನು?”

“ನೀ ಅಂವನ ಅದಿಯೋ ತಮ್ಮಾ. ನಾವ ಬಿದ್ದದ್ದು ನಿನ್ನ ಕಾಲಿಗಲ್ಲ, ನಿನ್ನ ರೋಗದ ಕಾಲಿಗೆ. ತಪ್ಪು ನಂದು.”

ಅವನು ಎದ್ದು ಕುಳಿತು ಕೈ ಚಾಚಿದ. ಗುಳಿಗೆ ಕೊಟ್ಟು, ಅವನು ನುಂಗುವವರೆಗೂ ನೀರಿನ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ.