ಬಸುರಿ ಹೇನು

"ಗುರುಗಳೇ, ಕೆಡುಕಿನ ಗುರುತು ಕಣ್ಣಿಗೆ ಬಿದ್ದ ಮೇಲೂ ಅದನ್ನು ಕಿತ್ತೆಸೆಯದೆ ಕೈಕಟ್ಟಿ ಕೂರಬೇಕೆ?" ಎಂದು ಮರುಳಯ್ಯ ಕೇಳಿದ.

ಕೇಳಿದ್ದು ಪ್ರಶ್ನೆ, ಬೇಕಿದ್ದದ್ದು ಶಹಬ್ಬಾಸ್. ಮಠದ ಉಗ್ರಾಣ ಅವನ ಸುಪರ್ದಿಯಲ್ಲಿತ್ತು. ಎಂಟು ವರ್ಷದಿಂದ ಅಲ್ಲಿ ನೀರು ಹೊರುತ್ತಿದ್ದ ಬೊಮ್ಮಣ್ಣ ಒಂದು ಕಾಲಕ್ಕೆ ಕಳ್ಳ, ಜೈಲು ಕಂಡು ಬಂದವನು ಎಂದು ಹಿಂದಿನ ದಿನ ಯಾರೋ ಹೇಳಿದ್ದರು. ಬೆಳಗಾಗುತ್ತಲೇ ಮರುಳಯ್ಯ ಅವನ ಗಂಟುಮೂಟೆಯನ್ನು ಬೀದಿಗೆ ಹಾಕಿ, ಅವನನ್ನೂ ಅಟ್ಟಿ ಬಂದಿದ್ದ.

ಗುರುಗಳು ಕೂತುಕೊ ಎಂದು ಹೇಳಿ ಕತೆ ಶುರು ಮಾಡಿದರು.

ಒಬ್ಬ ರೈತನಿದ್ದ. ನಿನ್ನ ಹಾಗೆಯೇ ಚೊಕ್ಕಟ ಮನುಷ್ಯ. ಹೊಲದಲ್ಲಿ ಒಂದು ಕಳೆ ಕಂಡರೂ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಅವನ ತಾಯಿ ಮದುವೆಯಾಗಿ ಬರುವಾಗ ತವರಿನಿಂದ ಒಂದು ಜಾತಿಯ ಅವರೆ ಬೀಜ ತಂದಿದ್ದಳು. ಈಗ ಅದು ತವರಿನಲ್ಲೂ ಮುಗಿದುಹೋಗಿತ್ತು, ಸುತ್ತ ಬೇರೆ ಯಾರಲ್ಲೂ ಇರಲಿಲ್ಲ. ಆ ವರ್ಷ ಮಡಕೆಯಲ್ಲಿಟ್ಟ ಬೀಜಕ್ಕೆ ಹುಳು ಬಿದ್ದು ಒಂದು ಸೇರು ಮಾತ್ರ ಉಳಿಯಿತು. ರೈತ ಅಷ್ಟನ್ನೂ ಬಿತ್ತಿದ. ಈ ಬೆಳೆ ಕೈಕೊಟ್ಟರೆ ಆ ಬೀಜವೇ ಇಲ್ಲ. ತಾಯಿ ಹಾಸಿಗೆ ಹಿಡಿದಿದ್ದಳು, ಕಣ್ಣೂ ಹೋಗಿತ್ತು. ದಿನಾ ಸಂಜೆ, ಕಾಯಿ ಕಟ್ಟಿತಾ ಎಂದು ಕೇಳುತ್ತಿದ್ದಳು.

ಹೂ ಬಿಡುವ ಹೊತ್ತಿಗೆ ಕುಡಿಗಳಿಗೆ ಕರಿ ಹೇನು ಮುತ್ತಿತು. ರೈತ ಇಬ್ಬನಿ ಆರುವ ಮೊದಲೇ ಹೋಗಿ ಒಲೆಯ ಬೂದಿ ಎರಚಿದ. ಒಂದಷ್ಟು ಉದುರಿದವು, ಉಳಿದವು ರಸ ಹೀರುತ್ತಲೇ ಇದ್ದವು. ಅವುಗಳ ನಡುವೆ ಕೆಲವು ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಹೊಟ್ಟೆ ಉಬ್ಬಿ, ಎಲೆಗೆ ಅಂಟಿ ಕೂತಿದ್ದವು. ನೋಡಲು ಅಸಹ್ಯ. "ಇವು ಬಸುರಿ ಹೇನು, ಬಿಟ್ಟರೆ ಒಂದು ನೂರಾಗುತ್ತದೆ" ಎಂದುಕೊಂಡ. ಅಂದಿನಿಂದ ಗಂಡ ಹೆಂಡತಿ ಸಾಲು ಸಾಲು ಹುಡುಕಿ, ಉಬ್ಬಿದ ಹೇನಿದ್ದ ಎಲೆಯನ್ನೆಲ್ಲ ಚಿವುಟಿ, ಬುಟ್ಟಿ ತುಂಬಿ ತಂದು ಬಚ್ಚಲೊಲೆಗೆ ಹಾಕಿದರು. ಹತ್ತು ದಿನಕ್ಕೆ ಹುಡುಕಿದರೂ ಉಬ್ಬಿದ್ದು ಒಂದೂ ಸಿಗಲಿಲ್ಲ. ರೈತ ಗೆದ್ದೆನೆಂದು ಹಿಗ್ಗಿದ. ಇಪ್ಪತ್ತು ದಿನಕ್ಕೆ ಹೂಗೊಂಚಲಿಗೆಲ್ಲ ಕರಿ ಹೇನು ಹತ್ತಿ, ಬಳ್ಳಿ ಸೊರಗಿ, ಹೂವೆಲ್ಲ ಉದುರಿಹೋಯಿತು.

ಬದುವಿನಾಚೆ ಒಬ್ಬ ಮುದುಕಿಯ ಹೊಲ. ಅಲ್ಲೂ ಅವರೆಯೇ, ಆದರೆ ಬೇರೆ ಜಾತಿ. ಜ್ವರದಲ್ಲಿ ಮಲಗಿದ್ದ ಆಕೆ ತಿಂಗಳಿಂದ ಅತ್ತ ತಲೆಹಾಕಿರಲಿಲ್ಲ. ಆದರೂ ಕಾಯಿ ಜೋತುಬಿದ್ದಿತ್ತು. ರೈತನಿಗೆ ಹೊಟ್ಟೆ ಉರಿಯಿತು. ಹೋಗಿ ನೋಡಿದರೆ ಎಲೆ ಎಲೆಯಲ್ಲೂ ಅದೇ ಉಬ್ಬಿದ ಹೇನು. ಒಂದೊಂದರ ಬೆನ್ನಿನಲ್ಲೂ ದುಂಡನೆಯ ತೂತು.

ಒಂದು ಎಲೆ ಕಿತ್ತು ಮುದುಕಿಯ ಮನೆಗೆ ಒಯ್ದು, "ಇವು ಬಸುರಿಯಲ್ಲವೇನಜ್ಜಿ?" ಎಂದ.

"ಎಲ್ಲಿಯ ಬಸುರಿ, ಹೆಣ! ಎಳ್ಳಿಗಿಂತ ಸಣ್ಣ ಕಡಜ ಬಂದು ಹೇನಿನ ಹೊಟ್ಟೆಗೆ ಚುಚ್ಚಿ ಮೊಟ್ಟೆ ಇಡ್ತದೆ. ಮರಿ ಒಳಗಿಂದ್ಲೇ ತಿಂದು ಮುಗಿಸಿ, ತೂತು ಕೊರೆದು ಈಚೆ ಬಂದು, ಇನ್ನೊಂದು ಹೇನು ಹುಡುಕ್ತದೆ. ನೀನೇನು ಮಾಡ್ದೆ ಮಗಾ?"

ರೈತ ಹೊಲಕ್ಕೆ ಮರಳಿ ಬದುವಿನ ಮೇಲೆ ಕೂತು ಅತ್ತ.

ಆ ಸಂಜೆ ತಾಯಿ ಕೇಳಿದಾಗ ಇಲ್ಲವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಮುದುಕಿಯಿಂದ ಕೇಳಿ ತಂದ ನಾಲ್ಕು ಕಾಯಿ ಸುಲಿದು ಕಾಳನ್ನು ಅವಳ ಅಂಗೈಗೆ ಹಾಕಿದ. ಅವಳು ಬೆರಳಲ್ಲಿ ಹೊರಳಿಸಿ ನೋಡಿ, "ಇವು ನಮ್ಮವಲ್ಲ" ಎಂದಳು. ಆಮೇಲೆ ಅವಳು ಕಾಯಿಯ ಸುದ್ದಿಯನ್ನೇ ಎತ್ತಲಿಲ್ಲ. ಮುಂದಿನ ಬಿತ್ತನೆಗೆ ಅವಳೂ ಇರಲಿಲ್ಲ, ಆ ಬೀಜವೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ರೈತನ ಮೇಲೆ ಕನಿಕರ ಹುಟ್ಟಿತು. "ಪಾಪ, ಹೊರಗಿನಿಂದ ನೋಡಿದವನಿಗೆ ಒಳಗೆ ಏನಿದೆಯೆಂದು ಹೇಗೆ ತಿಳಿಯಬೇಕು?" ಎಂದ.

"ಅವನಿಗೆ ತಿಳಿಯುವ ದಾರಿ ಇರಲಿಲ್ಲ ಮರುಳಯ್ಯ; ಎಂಟು ವರ್ಷ ಉಗ್ರಾಣದ ಬೀಗದಕೈಯನ್ನು ಬೊಮ್ಮಣ್ಣನಿಗೆ ಕೊಟ್ಟು ನಿಶ್ಚಿಂತೆಯಿಂದ ಮಲಗಿದವನು ನೀನು."