ತುಪ್ಪ ತಿಂದ ಕುದುರೆ

"ಗುರುಗಳೇ, ನನ್ನ ಸೇವೆಯಲ್ಲಿ ಏನು ಕೊರತೆಯಾಗಿದೆ?" ಎಂದು ಶಿಷ್ಯ ಗುರುಪಾದ ಕೇಳಿದ. "ನಿಮಗೆ ವಯಸ್ಸಾಯಿತೆಂದು ಮೂರು ತಿಂಗಳಿಂದ ಮಠದ ಒಂದು ಕೆಲಸವನ್ನೂ ನಿಮ್ಮ ಕೈಗೆ ಬಿಟ್ಟಿಲ್ಲ. ನೀರು ಸೇದುವುದು, ಅಂಗಳ ಗುಡಿಸುವುದು ಎಲ್ಲ ನಾನೇ ಮಾಡುತ್ತೇನೆ. ಜಗಳ ಹೊತ್ತು ತರುವ ಊರವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತೇನೆ. ಆದರೂ ನೀವು ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದೀರಿ. ಇವತ್ತು ಬೆಳಿಗ್ಗೆ ಕದ್ದು ಪೊರಕೆ ಹಿಡಿದಿದ್ದಿರಿ. ಅದನ್ನು ಅಟ್ಟದ ಮೇಲೆ ಎತ್ತಿಟ್ಟಿದ್ದೇನೆ. ನನಗೆ ಹೆದರಿಕೆಯಾಗುತ್ತಿದೆ."

ಗುರುಗಳು ನಕ್ಕು, "ಕೂತುಕೋ, ಒಂದು ಕುದುರೆಯ ಕತೆ ಹೇಳುತ್ತೇನೆ" ಎಂದರು.

ಒಬ್ಬ ವ್ಯಾಪಾರಿಯ ಬಳಿ ಒಂದು ಕುದುರೆಯಿತ್ತು. ಒಮ್ಮೆ ಹೊಳೆ ದಾಟುವಾಗ ಪ್ರವಾಹ ಬಂತು. ಕುದುರೆ ಅವನನ್ನು ಹೊತ್ತುಕೊಂಡೇ ಈಜಿ ದಡ ಸೇರಿಸಿತು. ಮನೆಗೆ ಬಂದವನೇ ವ್ಯಾಪಾರಿ ಹೆಂಡತಿಗೆ, "ಇನ್ನು ಮೇಲೆ ಇದು ನನ್ನ ಒಡಹುಟ್ಟಿದ ತಮ್ಮ. ದನ ತಿನ್ನುವ ಹುಲ್ಲು ಇದರ ಮುಂದೆ ಬೀಳಕೂಡದು" ಎಂದ.

ಅಂದಿನಿಂದ ಕುದುರೆಗೆ ಹುರುಳಿಯ ಊಟ. ಹುರುಳಿಯ ಸಿಪ್ಪೆಯನ್ನೂ ತೆಗೆಸಿ, ಬೇಯಿಸಿ, ಬೆಲ್ಲ ಬೆರೆಸಿ ತುಪ್ಪ ಸುರಿಸುತ್ತಿದ್ದ. ಹಬ್ಬಕ್ಕೆ ಬಂದ ಅಳಿಯನಿಗೂ ಅವನು ಅಷ್ಟು ತುಪ್ಪ ಬಡಿಸಿದವನಲ್ಲ.

ಮೊದಮೊದಲು ಕುದುರೆಯ ಮೈ ಮಿರುಗಿತು. ಆಮೇಲೆ ಸೊರಗಿತು. ಹೊಟ್ಟೆ ಬಿಗಿದು ಲದ್ದಿ ಕಡಿಮೆಯಾಯಿತು. ಅದು ಲಾಯದ ಮರದ ಕಂಬವನ್ನು ಕಡಿದು ಅಗಿಯತೊಡಗಿತು. ಹಲ್ಲಿಗೆ ಪೆಟ್ಟಾದೀತೆಂದು ವ್ಯಾಪಾರಿ ಕಂಬಕ್ಕೆ ತಗಡು ಹೊಡೆಸಿದ. ತುಪ್ಪ ಸಾಲದಾಗಿರಬೇಕೆಂದು ಇನ್ನೊಂದು ಸೌಟು ಹೆಚ್ಚಿಸಿದ. ಅವನು ಜಿಪುಣತನದಿಂದ ತಪ್ಪು ಮಾಡಿದ್ದರೆ ಯಾರಾದರೂ ಬುದ್ಧಿ ಹೇಳುತ್ತಿದ್ದರು. ಅಷ್ಟು ಪ್ರೀತಿಸುವವನಿಗೆ ಎದುರಾಡಲು ಯಾರಿಗೂ ಬಾಯಿ ಬರಲಿಲ್ಲ.

ಒಂದು ದಿನ ಕುದುರೆ ನೆಲಕ್ಕೆ ಬಿದ್ದು ಹೊರಳಾಡಿತು. ವ್ಯಾಪಾರಿ ಅದರ ಕುತ್ತಿಗೆ ತಬ್ಬಿಕೊಂಡು ಅತ್ತ. ಲಾಳ ಕಟ್ಟುವ ಮುದುಕನೊಬ್ಬನನ್ನು ಕರೆತಂದರು. ಅವನು ಕುದುರೆಯ ಹೊಟ್ಟೆಗೆ ಕಿವಿ ಹಚ್ಚಿದ. ಒಳಗೆ ಸದ್ದೇ ಇರಲಿಲ್ಲ.

"ಧಣಿ, ಇದಕ್ಕೆ ಹುಲ್ಲು ಹಾಕಿ ಎಷ್ಟು ದಿನ ಆಯ್ತು?"

"ನನ್ನ ಜೀವ ಉಳಿಸಿದ್ದಕ್ಕೆ ಹುಲ್ಲು ಹಾಕಲೇನಪ್ಪಾ?"

"ಕುದುರೆ ಹೊಟ್ಟೆ ನಡೆಯೋದೇ ಹುಲ್ಲಿನ ನಾರಿಂದ. ಅದು ದಿನಪೂರ್ತಿ ಅಗೀತಾ ಇರಬೇಕು. ಕಂಬ ಕಡಿದು ಅದನ್ನೇ ಕೇಳ್ತಿತ್ತು ಧಣಿ, ನೀವು ತಗಡು ಹೊಡೆಸಿದ್ರಿ."

ಮುದುಕ ಕುದುರೆಯನ್ನು ಎಬ್ಬಿಸಿ ಮೆಲ್ಲಗೆ ನಡೆಸಿದ. ಉಗುರುಬೆಚ್ಚಗಿನ ನೀರು ಕುಡಿಸಿದ. ಸಂಜೆಯ ಹೊತ್ತಿಗೆ ಲದ್ದಿ ಬಿತ್ತು. ಆಗ ಅವನು ಒಂದು ಹಿಡಿ ಒಣಹುಲ್ಲನ್ನು ನೆನೆಸಿ ವ್ಯಾಪಾರಿಯ ಕೈಗೆ ಕೊಟ್ಟ. ವ್ಯಾಪಾರಿ ನಾಚುತ್ತಲೇ ಅದನ್ನು ಮುಂದೆ ಹಿಡಿದ. ಕುದುರೆ ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಅಗಿಯಿತು. ಮರುದಿನ ಎರಡು ಹಿಡಿ ತಿಂದಿತು. ತಿಂಗಳು ಕಳೆಯುವುದರೊಳಗೆ ಅವನನ್ನು ಹೊತ್ತು ಸಂತೆಗೆ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದನ ಮನಸ್ಸು ಕರಗಿತ್ತು. "ಪಾಪ, ಅಷ್ಟು ಪ್ರೀತಿಯಿದ್ದವನಿಗೆ ಕಣ್ಣೆದುರಿಗಿನದು ಕಾಣಲಿಲ್ಲವೇ ಗುರುಗಳೇ?" ಎಂದ.

"ನಿನಗೂ ನನ್ನ ಮೇಲೆ ತುಂಬ ಪ್ರೀತಿ ಮಗು, ನಾನು ಹುಲ್ಲು ತಿಂದು ಮೂರು ತಿಂಗಳಾಯಿತು" ಎಂದರು ಗುರುಗಳು.

ಗುರುಪಾದ ಎದ್ದು ಅಟ್ಟ ಹತ್ತಿ, ಪೊರಕೆಯನ್ನು ಇಳಿಸಿ ತಂದು ಗುರುಗಳ ಕೈಗೆ ಕೊಟ್ಟ.