ಸಾನ್ ಬೆನೀತೊದ ಕರುಣಾಕರ ಗೋಡೆ

ಆಂಡೀಸ್ ಪರ್ವತಗಳ ನಡುವೆ, ಕುಸ್ಕೊದಿಂದ ಪೊಟೊಸಿಗೆ ಬೆಳ್ಳಿ ವ್ಯಾಪಾರಿಗಳು ಓಡಾಡುತ್ತಿದ್ದ ಹಳೆಯ ದಾರಿಯ ಮೇಲೆ, ಸಾನ್ ಬೆನೀತೊ ಎಂಬ ಸಣ್ಣ ಪಟ್ಟಣವಿದೆ. ಕಲ್ಲು ಹಾಸಿದ ಓಣಿಗಳು, ಬಣ್ಣ ಹೋದ ಮರದ ಬಾಲ್ಕನಿಗಳು, ಒಂದೇ ಗೋಪುರ ಉಳಿದ ಇಗರ್ಜಿ. ಇಗರ್ಜಿಯ ಹಿಂದೆ ಊರು ಥಟ್ಟನೆ ಮುಗಿದು ಕಣಿವೆ ಶುರುವಾಗುತ್ತದೆ. ಆ ಅಂಚಿನಲ್ಲಿ ಎದೆಯೆತ್ತರದ ಕಲ್ಲುಗೋಡೆಯೊಂದಿದೆ. ಊರವರು ಅದನ್ನು ಕರುಣಾಕರ ಎನ್ನುತ್ತಾರೆ. ಇಂಕಾ ಜನರ ಯಾವುದೋ ಹಳೆಯ ಮಾತಿರಬೇಕೆಂದುಕೊಂಡು ಪ್ರವಾಸಿಗರು ಫೋಟೊ ತೆಗೆದು ಹೋಗುತ್ತಾರೆ. ಅದು ಬೆಟಗೇರಿಯ ಒಬ್ಬ ಹೆಂಗಸಿನ ಬಾಯಿಂದ ಬಿದ್ದ ಹೆಸರು.

ಹಿಂದೆ ಒಮ್ಮೆ, ಸಮುದ್ರ ದಾಟಲು ಹಡಗೊಂದೇ ಗತಿಯಾಗಿದ್ದ ಕಾಲದಲ್ಲಿ, ಬೆಟಗೇರಿಯ ಪಾದ್ರಿ ಕರುಣಾಕರರು ಹೆಂಡತಿ ಲೀದಿಯಮ್ಮನನ್ನು ಕರೆದುಕೊಂಡು ಸುವಾರ್ತೆ ಸಾರಲು ಆ ಸೀಮೆಗೆ ಹೋದರಂತೆ. ಲೀಮಾದಲ್ಲಿ ಇಳಿದರು, ಕುಸ್ಕೊದಲ್ಲಿ ಕೆಲವು ಕಾಲ ನಿಂತರು. ಪಾದ್ರಿಗಳು ಸಂತೆಯಲ್ಲಿ ನಿಂತು ಅರ್ಧಂಬರ್ಧ ಸ್ಪ್ಯಾನಿಷ್‌ನಲ್ಲಿ ಮಾತಾಡಿ ಜನರನ್ನು ನಗಿಸುತ್ತಿದ್ದರು. ಲೀದಿಯಮ್ಮ ಒಂದು ಮಾರು ಹಿಂದೆ ಸೆರಗು ಹೊದ್ದು ನಿಲ್ಲುತ್ತಿದ್ದಳು. ಗಾರೆಯಿಲ್ಲದೆ ಕೂಡಿಸಿದ ಇಂಕಾ ಗೋಡೆಗಳನ್ನು, ಚಿನ್ನದ ರೇಕು ಹೊಡೆದ ಬಲಿಪೀಠಗಳನ್ನು ನೋಡುತ್ತಿದ್ದಳು. ನೋಡಿದ್ದನ್ನು ಹೇಳಿಕೊಳ್ಳಲು ಸಂಜೆ ಇಬ್ಬರೂ ಮನೆಗೆ ಮರಳುವವರೆಗೆ ಕಾಯಬೇಕಿತ್ತು. ಅವಳಿಗೆ ಬರುತ್ತಿದ್ದುದು ಕನ್ನಡವೊಂದೇ. ಆ ಕನ್ನಡದಲ್ಲೂ ಗಂಡನ ಹೆಸರನ್ನು ಅವಳು ಒಮ್ಮೆಯೂ ನುಡಿದಿರಲಿಲ್ಲ. ಹೆಂಡತಿಯ ಬಾಯಲ್ಲಿ ಹೆಸರು ಬಂದರೆ ಗಂಡನ ಆಯುಷ್ಯ ತಗ್ಗುತ್ತದೆ ಎಂದು ಅಜ್ಜಿ ಹೇಳಿದ್ದಳು. ಮನೆತನ ಕ್ರಿಸ್ತನನ್ನು ನಂಬಿ ಎರಡು ತಲೆಮಾರು ಕಳೆದಿದ್ದರೂ ಈ ಹೆದರಿಕೆ ಮನೆ ಬಿಟ್ಟು ಹೋಗಿರಲಿಲ್ಲ.

“ಊರಾಗ ಆಡಿಗೂ ಹೆಸರಿಟ್ಟ ಕರೀತಿದ್ದಿ. ನಾ ಏನ ಪಾಪ ಮಾಡೀನಿ?” ಎಂದು ಪಾದ್ರಿಗಳು ಕೆಣಕುತ್ತಿದ್ದರು.

“ಆಡು ನನಗ ತಾಳಿ ಕಟ್ಟೇತೇನ್ರಿ?” ಎಂದು ಅವಳು ಒಲೆಯ ಕಡೆ ತಿರುಗುತ್ತಿದ್ದಳು.

ಸಾನ್ ಬೆನೀತೊಗೆ ಅವರು ಬಂದು ಇನ್ನೂ ವಾರವಾಗಿರಲಿಲ್ಲ. ಒಂದು ಬೆಳಿಗ್ಗೆ ಪಾದ್ರಿಗಳು ಮೇಲಿನ ಕುರಿಗಾಹಿಗಳ ಹಟ್ಟಿಯಲ್ಲಿ ಯಾರಿಗೋ ಜ್ವರವೆಂದು ಒಬ್ಬರೇ ಹತ್ತಿಹೋದರು. ಮಧ್ಯಾಹ್ನದ ಹೊತ್ತಿಗೆ ಮಂಜು ಇಳಿಯಿತು. ಚಾಚಿದ ಕೈ ಕಾಣದಂಥ ಮಂಜು. ಅಂಥ ಹೊತ್ತಿನಲ್ಲಿ ಹುಡುಕಲು ಹೋದವರೂ ಕಣಿವೆಗೆ ಬೀಳುತ್ತಾರೆ. ಅದಕ್ಕೇ ಆ ಊರಿನ ರೂಢಿ ಬೇರೆ: ಎಲ್ಲರೂ ಇಗರ್ಜಿಯ ಹಿಂದಿನ ಗೋಡೆಯ ಬಳಿ ಸೇರಿ, ದಾರಿ ತಪ್ಪಿದವನ ಹೆಸರನ್ನು ಸರದಿಯಂತೆ ಕೂಗುವುದು. ದನಿ ಹಿಡಿದು ಅವನು ಇಳಿದು ಬರಬೇಕು. ಸುಮ್ಮನೆ ಹೋ ಎಂದು ಕೂಗಿದರೆ ಬೆಟ್ಟವೂ ಹೋ ಎಂದು ಕೂಗಿ ಮನುಷ್ಯನನ್ನು ಪ್ರಪಾತಕ್ಕೆ ಎಳೆಯುತ್ತದೆಂದು ಅವರ ನಂಬಿಕೆ, ಹೆಸರೇ ಬೇಕು. ಗಂಟೆ ಬಾರಿಸುವ ಮುದುಕಿ ಫೆಲಿಪಾ ಲೀದಿಯಮ್ಮನ ಕೈ ಹಿಡಿದು ಗೋಡೆಗೆ ತಂದು, ಬಾಯಿ ತೋರಿಸಿ, ಬೆಟ್ಟ ತೋರಿಸಿ, ಹೆಸರು ಕೇಳಿದಳು. ಊರಿಗೆ ಅವರು ಬರೀ ‘ಪಾದ್ರಿ’ ಆಗಿದ್ದರು. ಲೀದಿಯಮ್ಮ ಇದ್ದಿಲಿನಿಂದ ಕಲ್ಲಿನ ಮೇಲೆ ಬರೆದಳು. ಆ ಅಕ್ಷರ ಯಾರಿಗೆ ಬರಬೇಕು?

“ಏನ್ರೀ! ಎಲ್ಲಿದ್ದೀರಿ?” ಎಂದು ಕೂಗಿದಳು. ಬೆಟ್ಟ ಅದನ್ನೇ ನಾಲ್ಕು ದಿಕ್ಕಿನಿಂದ ಹಿಂದಕ್ಕೆ ಕೊಟ್ಟಿತು. ಫೆಲಿಪಾ ತಲೆಯಾಡಿಸಿದಳು. ಹೇಳಿದರೆ ಆಯುಷ್ಯ, ಹೇಳದಿದ್ದರೆ ಜೀವ. ಸಲಹೆ ಕೇಳಲು ಇದ್ದ ಒಬ್ಬ ಮನುಷ್ಯನೂ ಮಂಜಿನೊಳಗೇ ಇದ್ದ. ಅವಳು ತುಂಬ ಹೊತ್ತು ಗೋಡೆಗೆ ಹಣೆಯೊತ್ತಿ ನಿಂತಿದ್ದಳು. ಆಮೇಲೆ ಕಲ್ಲಿಗೇ ಹೇಳುವಂತೆ ಮೆಲ್ಲಗೆ ಹೇಳಿದಳು. ಫೆಲಿಪಾ ಕೇಳಿಸಿಕೊಂಡಳು, ಊರೆಲ್ಲ ಎತ್ತಿಕೊಂಡಿತು. ಎಲ್ಲರ ದನಿಗಿಂತ ಮೇಲೆ ಕೊನೆಗೆ ಅವಳದೇ ದನಿ ಏರಿತು: “ಕರುಣಾಕರಾ!”

ಸಂಜೆ ಪಾದ್ರಿಗಳು ಮಂಜಿನಿಂದ ಹೊರಬಂದರು, ತುಟಿ ನೀಲಿಗಟ್ಟಿತ್ತು. “ಆಗಲೇ ಇಲ್ಲಿ ತನಕ ಬಂದಿದ್ದೆ,” ಎಂದರಂತೆ ನಗುತ್ತ. “ನೀ ಇನ್ನೊಮ್ಮೆ ಹೆಸರ ಹಿಡದ ಕರೀಲಿ ಅಂತ ಅಲ್ಲೇ ನಿಂತೆ.”

ಥಂಡಿ ಎದೆಗೆ ಇಳಿದಿತ್ತು. ಮಂಜು ಸರಿಯುವ ಮುಂಚೆಯೇ ಅವರು ತೀರಿಕೊಂಡರು. ಹೆಸರು ಹೇಳಿದ್ದಕ್ಕೋ, ತಡವಾಗಿ ಹೇಳಿದ್ದಕ್ಕೋ ಎಂದು ಲೀದಿಯಮ್ಮ ಯಾರನ್ನೂ ಕೇಳಲಿಲ್ಲ. ಕೇಳುವ ಭಾಷೆ ಅಲ್ಲಿರಲಿಲ್ಲ. ಬೆಟಗೇರಿಗೆ ಮರಳಲು ಕರೆ ಬಂದರೂ ಹೋಗಲಿಲ್ಲ. ಅಷ್ಟರಲ್ಲಿ ಊರವರು ಆ ಗೋಡೆಯನ್ನೇ ಕರುಣಾಕರ ಎಂದು ಕರೆಯತೊಡಗಿದ್ದರು. ಸಾನ್ ಬೆನೀತೊದಲ್ಲಿ ಬೇರೆಯವರ ಬಾಯಲ್ಲಿ ಅವಳಿಗೆ ಕೇಳಸಿಗುತ್ತಿದ್ದ ಕನ್ನಡ ಅದೊಂದೇ ಹೆಸರು. ಅದನ್ನು ಬಿಟ್ಟು ಅವಳು ಎಲ್ಲಿಗೆ ಹೋದಾಳು?

ಈಗಲೂ ಮಂಜು ಕವಿದ ದಿನ ಆ ಊರಿನ ಹೆಂಗಸರು ಗೋಡೆಯ ಬಳಿ ಸೇರುತ್ತಾರೆ. ದಾರಿ ತಪ್ಪಿದವನು ಪರಊರಿನವನಾಗಿದ್ದು, ಅವನ ಹೆಸರು ಯಾರಿಗೂ ಗೊತ್ತಿಲ್ಲದಿದ್ದರೆ, ಅವರು ಕರುಣಾಕರ ಎಂದೇ ಕೂಗುತ್ತಾರೆ. ಯಾವುದೋ ದೇಶದವನು, ತನ್ನದಲ್ಲದ ಆ ಹೆಸರನ್ನು ಹಿಡಿದು, ಕಲ್ಲು ತಡವುತ್ತ ಇಳಿದು ಬರುತ್ತಾನೆ.